ಸುಬಹಿಯಿಂದ ಒಂಬತ್ತು ಗಂಟೆವರೆಗೆ: ಅವಳಿ ಕೂಸುಗಳ ಮನೆಯ ಬೆಳಗ್ಗೆ

ಅವಳಿ ಮಕ್ಕಳು ಹುಟ್ಟಿದ ಸುದ್ದಿ ಬಂದರೆ ನಮ್ಮವರ ಬಾಯಲ್ಲಿ ಮೊದಲು ಬರುವುದು ‘ಮಾಶಾ ಅಲ್ಲಾಹ್’. ಆಮೇಲೆ ‘ಗಂಡಾ, ಹೆಣ್ಣಾ?’, ‘ನೋಡ್ಲಿಕ್ಕೆ ಒಂದೇ ತರ ಉಂಟಾ?’, ‘ಹೆಸರು ಎಂತ ಇಟ್ರಿ?’ ಎಂಬ ಪ್ರಶ್ನೆಗಳು. ಏಳನೇ ದಿನದ ಅಖೀಖಕ್ಕೆ ಮನೆ ತುಂಬ ಜನ. ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂದು ಆಡಿನ ಲೆಕ್ಕ ಹಾಕುವವರು ಉಂಟು. ಆದರೆ ಆ ಮಕ್ಕಳ ಉಮ್ಮ ಬೆಳಗ್ಗಿನ ಚಹಾ ಎಷ್ಟು ಗಂಟೆಗೆ ಕುಡಿಯುತ್ತಾಳೆ ಎಂದು ಕೇಳುವವರು ಕಡಿಮೆ.

ತವರಿನಲ್ಲಿ ಇರುವಷ್ಟು ದಿನ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಅವಳ ಉಮ್ಮ ಇದ್ದಾರೆ, ತಂಗಿಯಂದಿರು ಇದ್ದಾರೆ, ಮಗುವನ್ನು ಎಣ್ಣೆ ಹಚ್ಚಿ ಮೀಯಿಸಲು ಒಬ್ಬರು ಬರುತ್ತಾರೆ. ನಾಲ್ವತ್ತು ಕಳೆದು, ಮೂರು ತಿಂಗಳು ಕಳೆದು ಗಂಡನ ಮನೆಗೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಕೈಯಲ್ಲಿ ಎರಡು ಕೂಸು, ಸೆರಗು ಹಿಡಿದು ಎರಡೂವರೆ ವರ್ಷದ ಇನ್ನೊಂದು. ಮನೆಯಲ್ಲಿ ಏಳು ಗಂಟೆಗೆ ಮದ್ರಸಕ್ಕೆ ಹೋಗುವ ಮಕ್ಕಳು, ಎಂಟಕ್ಕೆ ಬರುವ ಶಾಲಾ ವ್ಯಾನು, ಎಂಟೂವರೆಗೆ ಬಂದರಿಗೋ ಅಂಗಡಿಗೋ ಹೊರಡುವ ಗಂಡಸರು. ಇವರೆಲ್ಲರಿಗೂ ತಿಂಡಿ ಆಗಬೇಕು. ಅದೇ ಹೊತ್ತಿಗೆ ಎರಡೂ ಕೂಸಿಗೆ ಹಸಿವು.

ಭಾನುವಾರ ಹೇಗೂ ಕಳೆದು ಹೋಗುತ್ತದೆ. ಕಷ್ಟ ಇರುವುದು ಉಳಿದ ದಿನಗಳ ಈ ನಾಲ್ಕು ಗಂಟೆಯಲ್ಲಿ. ಇಂಥ ಕೆಲವು ಮನೆಗಳನ್ನು ಹತ್ತಿರದಿಂದ ನೋಡಿದ್ದರಿಂದ, ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ನಾವು ಇಲ್ಲಿ ಬರೆದಿದ್ದೇವೆ. ಇದು ತಾಯಿ ಮಾತ್ರ ಓದಬೇಕಾದ ಬರಹವಲ್ಲ. ಮನೆಯಲ್ಲಿ ಎಲ್ಲರೂ ಓದಿದರೆ ಒಳ್ಳೆಯದು.

ಬೆಳಗ್ಗೆ ಶುರುವಾಗುದು ರಾತ್ರಿಯೇ

ಬೆಳಗ್ಗೆ ಹುಡುಕುವ ಒಂದೊಂದು ವಸ್ತುವೂ ಒಂದು ಅಳು ಹೆಚ್ಚು ಮಾಡುತ್ತದೆ. ಆದ್ದರಿಂದ ಇಶಾ ಕಳೆದ ಮೇಲೆ ಅರ್ಧ ಗಂಟೆ ನಾಳೆಗಾಗಿ ತೆಗೆದಿಡಬೇಕು. ಇದನ್ನು ತಾಯಿಯೇ ಮಾಡಬೇಕೆಂದಿಲ್ಲ. ಗಂಡ ಮಾಡಬಹುದು, ನಾದಿನಿ ಮಾಡಬಹುದು, ಹತ್ತು ವರ್ಷದ ಮಕ್ಕಳೂ ಮಾಡಬಹುದು.

ಒಂದು ಬುಟ್ಟಿಯಲ್ಲಿ ಮೂವರ ಬಟ್ಟೆ, ಎಂಟು–ಹತ್ತು ಲಂಗೋಟಿ ಅಥವಾ ಡೈಪರ್, ಒರೆಸುವ ಹಳೆ ಹತ್ತಿ ಬಟ್ಟೆ, ಒಂದು ರಬ್ಬರ್ ಶೀಟ್. ಅಷ್ಟು ಇದ್ದರೆ ಕಪಾಟಿಗೂ ಮಂಚಕ್ಕೂ ಹತ್ತು ಸಲ ನಡೆಯುವುದು ತಪ್ಪುತ್ತದೆ. ಹಾಸಿಗೆಯ ಪಕ್ಕ ತಾಯಿಗೆ ಕುಡಿಯಲು ಒಂದು ದೊಡ್ಡ ಬಾಟಲಿ ನೀರು, ನಾಲ್ಕು ಖರ್ಜೂರ. ಇಬ್ಬರಿಗೆ ಹಾಲು ಕೊಡುವವಳಿಗೆ ಆಗುವ ಬಾಯಾರಿಕೆ ಅನುಭವಿಸಿದವರಿಗೇ ಗೊತ್ತು.

ತಿಂಡಿಯ ವಿಷಯದಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಅಕ್ಕಿ ಪತ್ತಿರ್ ಲಟ್ಟಿಸಿ ಒಂದೊಂದಾಗಿ ಸುಡುವ ಕೆಲಸ ವಾರದ ದಿನಕ್ಕೆ ಹೇಳಿದ್ದಲ್ಲ. ರಾತ್ರಿಯೇ ಅಕ್ಕಿ ಕಡೆದು ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ನೀರುದೋಸೆ ಯಾರು ಬೇಕಾದರೂ ಹೊಯ್ಯಬಹುದು. ಪುಂಡಿಯನ್ನು ಒಮ್ಮೆ ಬೇಯಲು ಇಟ್ಟರೆ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಹಿಂದಿನ ದಿನದ ಮೀನು ಸಾರು ಇದ್ದರೆ ಚಟ್ನಿಯ ಕೆಲಸವೂ ಇಲ್ಲ. ಪತ್ತಿರ್ ಭಾನುವಾರ ಆಗಲಿ, ಎಲ್ಲರೂ ಸೇರಿ ಮಾಡುವ.

ಮಳೆಗಾಲದಲ್ಲಿ ಇನ್ನೊಂದು ತಲೆಬಿಸಿ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಬಟ್ಟೆ ಒಣಗುವುದಿಲ್ಲ. ಒಂದು ಮಗುವಿನ ಲಂಗೋಟಿಯೇ ಒಣಗದ ಮನೆಯಲ್ಲಿ ಇಬ್ಬರದ್ದು ಒಣಗುವುದು ಹೇಗೆ? ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ಹಳೆಯ ಕ್ರಮ. ಆದರೆ ಹೊಗೆ ಹಿಡಿದ ಬಟ್ಟೆ ಕೂಸಿನ ಮೂಗಿಗೂ ಚರ್ಮಕ್ಕೂ ಆಗುವುದಿಲ್ಲ. ಫ್ಯಾನಿನ ಕೆಳಗೆ ಒಂದು ಸ್ಟ್ಯಾಂಡ್ ಇಟ್ಟು ರಾತ್ರಿಯಿಡೀ ಒಣಗಿಸಿ, ಕೊನೆಗೆ ಇಸ್ತ್ರಿ ಹಾಕಿದರೆ ತೇವ ಹೋಗುತ್ತದೆ. ಹಗಲು ಬಟ್ಟೆ, ರಾತ್ರಿ ಮತ್ತು ಬೆಳಗ್ಗೆ ಡೈಪರ್ ಎಂದು ಮಾಡಿಕೊಂಡರೆ ಖರ್ಚೂ ಹಿಡಿತದಲ್ಲಿರುತ್ತದೆ, ಒಗೆಯುವ ರಾಶಿಯೂ ಕಡಿಮೆಯಾಗುತ್ತದೆ.

ಒಬ್ಬ ಎದ್ದರೆ ಇನ್ನೊಬ್ಬನನ್ನೂ ಎಬ್ಬಿಸಿ

ಮಲಗಿದ ಕೂಸನ್ನು ಎಬ್ಬಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಒಂದೇ ಮಗು ಇರುವಲ್ಲಿ ಅದು ಸರಿ. ಅವಳಿ ಮನೆಯಲ್ಲಿ ಆ ಮಾತು ಹಿಡಿದರೆ ತಾಯಿಗೆ ನಿದ್ದೆ ಎಂಬುದೇ ಇಲ್ಲ. ನಾಲ್ಕಕ್ಕೆ ಒಬ್ಬ, ಐದಕ್ಕೆ ಇನ್ನೊಬ್ಬ, ಆರಕ್ಕೆ ಮತ್ತೆ ಮೊದಲಿನವ! ಒಬ್ಬ ಹಾಲಿಗೆ ಎದ್ದಾಗ ಇನ್ನೊಬ್ಬನನ್ನೂ ಮೆಲ್ಲ ಎಬ್ಬಿಸಿ ಹಾಲು ಕೊಟ್ಟರೆ ವಾರ ಎರಡು ವಾರದಲ್ಲಿ ಇಬ್ಬರ ಹೊತ್ತೂ ಹತ್ತಿರ ಹತ್ತಿರ ಬರುತ್ತದೆ. ಎರಡೂ ಬದಿಗೆ ದಿಂಬು ಇಟ್ಟು, ಇಬ್ಬರ ಕಾಲೂ ಹಿಂದಕ್ಕೆ ಬರುವಂತೆ ಕಂಕುಳಿನಡಿ ಹಿಡಿದು ಒಟ್ಟಿಗೆ ಕುಡಿಸಲಿಕ್ಕೂ ಆಗುತ್ತದೆ. ಮೊದಮೊದಲು ಒಬ್ಬರು ಪಕ್ಕದಲ್ಲಿದ್ದು ಮಗುವನ್ನು ಎತ್ತಿ ಕೊಡಬೇಕು, ಆಮೇಲೆ ಅಭ್ಯಾಸವಾಗುತ್ತದೆ.

‘ಇಬ್ಬರಿಗೆ ಹಾಲು ಸಾಕಾಗ್ತದಾ?’ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ಕೇಳಿ ಕೇಳಿ ತಾಯಿಗೇ ಅನುಮಾನ ಬರುತ್ತದೆ. ಮಗು ಎಷ್ಟು ಕುಡಿಯುತ್ತದೋ ಅಷ್ಟು ಹಾಲು ಬರುವುದು ದೇಹದ ಕ್ರಮ. ಇಬ್ಬರು ಕುಡಿದರೆ ಇಬ್ಬರಿಗಾಗುವಷ್ಟು ಬರುವುದು ಹೆಚ್ಚಿನ ತಾಯಂದಿರಲ್ಲಿ ಸಾಧ್ಯ. ಮೊದಲ ಆರು ತಿಂಗಳು ತಾಯಿ ಹಾಲು ಮಾತ್ರ ಸಾಕು, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷದ ಹಾಲುಣಿಸುವಿಕೆಯ ವಿಷಯ ಕುರ್‌ಆನಿನ ಅಲ್ ಬಖರ ಅಧ್ಯಾಯದ 233ನೇ ಆಯತ್‌ನಲ್ಲಿ ಬಂದಿದೆ. ಅದೇ ಆಯತ್ ತಾಯಿಯ ಊಟ, ಬಟ್ಟೆಯ ಹೊಣೆ ತಂದೆಯ ಮೇಲಿದೆ ಎಂದೂ ಹೇಳುತ್ತದೆ. ಮೊದಲಿನ ಮಾತನ್ನು ನಾವು ಹೆಂಗಸರಿಗೆ ನೆನಪಿಸುತ್ತೇವೆ. ಎರಡನೆಯದನ್ನು ಗಂಡಸರಿಗೂ ಅಷ್ಟೇ ನೆನಪಿಸಬೇಕು.

ಅವಳಿಗಳು ಹೆಚ್ಚಾಗಿ ದಿನ ತುಂಬುವ ಮೊದಲೇ, ತೂಕ ಕಡಿಮೆ ಇದ್ದು ಹುಟ್ಟುತ್ತವೆ. ಅಂಥವರಿಗೆ ಡಾಕ್ಟರು ಪುಡಿ ಹಾಲನ್ನೂ ಬರೆದುಕೊಟ್ಟಿರಬಹುದು. ಅದರಲ್ಲಿ ನಾಚಿಕೆಪಡುವುದು ಎಂತದೂ ಇಲ್ಲ. ಆದರೆ ಎರಡು ಮಾತು ನೆನಪಿರಲಿ. ಒಂದು, ಡಬ್ಬಿಯಲ್ಲಿ ಬರೆದ ಅಳತೆಯೇ ಅಳತೆ. ಇಬ್ಬರಿಗೆ ಡಬ್ಬಿ ಬೇಗ ಮುಗಿಯುತ್ತದೆ ಎಂದು ನೀರು ಹೆಚ್ಚು ಹಾಕಿ ತೆಳು ಮಾಡಿದರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ತೂಕ ಮಾತ್ರ ಏರುವುದಿಲ್ಲ. ಎರಡು, ರಾತ್ರಿ ಫ್ಲಾಸ್ಕಿನಲ್ಲಿಟ್ಟ ನೀರು ನಿಮ್ಮ ಚಹಾಕ್ಕೆ ಆಗಲಿ. ಪುಡಿ ಹಾಲಿಗೆ ನೀರನ್ನು ಆಗಲೇ ಕುದಿಸಿ, ಬಿಸಿ ಇರುವಾಗಲೇ ಪುಡಿ ಕಲಸಿ, ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿಟ್ಟು ಆರಿಸಿ, ಮಣಿಕಟ್ಟಿಗೆ ಎರಡು ಹನಿ ಬಿಟ್ಟು ನೋಡಿ ಕೊಡಬೇಕು. ಒಬ್ಬ ಕುಡಿದು ಬಿಟ್ಟದ್ದನ್ನು ಇನ್ನೊಬ್ಬನಿಗೆ ಕೊಡುವುದು ಬೇಡ, ಚೆಲ್ಲಿ ಬಿಡಿ. ಕೈ ಖಾಲಿ ಇಲ್ಲ ಎಂದು ಬಾಟಲಿಯನ್ನು ದಿಂಬಿಗೆ ಒರಗಿಸಿ ಮಗುವಿನ ಬಾಯಿಗಿಟ್ಟು ಹೋಗುವುದು ಅಪಾಯ, ಹಾಲು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಂದು ವರ್ಷ ತುಂಬುವ ತನಕ ಜೇನು ನೆಕ್ಕಿಸುವುದೂ ಬೇಡ.

ಗೋಡೆಯಲ್ಲಿ ಒಂದು ಕ್ಯಾಲೆಂಡರ್, ಅದಕ್ಕೆ ದಾರ ಕಟ್ಟಿದ ಒಂದು ಪೆನ್ನು. ಯಾರಿಗೆ ಎಷ್ಟು ಗಂಟೆಗೆ ಹಾಲು ಕೊಟ್ಟದ್ದು, ಯಾರಿಗೆ ವಿಟಮಿನ್ ಹನಿ ಹಾಕಿದ್ದು ಎಂದು ಒಂದು ಗೆರೆ ಎಳೆದರೆ ಸಾಕು. ಇಲ್ಲದಿದ್ದರೆ ನಿದ್ದೆಗಣ್ಣಲ್ಲಿ ಒಬ್ಬನಿಗೇ ಎರಡು ಸಲ ಮದ್ದು ಹೋಗಿ, ಇನ್ನೊಬ್ಬನಿಗೆ ಇಲ್ಲವೇ ಇಲ್ಲ ಎಂದಾಗುತ್ತದೆ. ಒಂದೇ ರೂಪದ ಮಕ್ಕಳಾದರೆ ಒಬ್ಬನ ಕಾಲಿನ ಹೆಬ್ಬೆರಳಿನ ಉಗುರಿಗೆ ಬಣ್ಣದ ಚುಕ್ಕಿ ಇಟ್ಟುಕೊಳ್ಳಿ. ನೋಡಿಕೊಳ್ಳಲು ಬರುವವರಿಗೂ ಗುರುತು ಸುಲಭ.

ಸುಬಹಿ ನಮಾಝ್, ಮಗು, ಬಟ್ಟೆ

ಬಾಂಗ್ ಆಗುವ ಹೊತ್ತಿಗೇ ಕೂಸುಗಳು ಅಳುತ್ತವೆ. ವಕ್ತ್ ಮುಗಿಯುವ ಒಳಗೆ ನಮಾಝ್ ಆಗಬೇಕು. ಬಟ್ಟೆ ಮೇಲೆ ಮಗು ಮೂತ್ರ ಮಾಡಿದೆ. ಎಷ್ಟೋ ತಾಯಂದಿರು ಇದೇ ಸಂಕಟದಲ್ಲಿ ‘ನನ್ನ ಇಬಾದತ್ ಎಲ್ಲ ಹಾಳಾಯ್ತು’ ಎಂದು ಕೊರಗುತ್ತಾರೆ.

ನಮಾಝಿಗೆಂದೇ ಒಂದು ಜೊತೆ ಬಟ್ಟೆ ಬೇರೆ ತೆಗೆದಿಟ್ಟು, ಕೂಸಿನ ಕೈಗೆ ಸಿಗದ ಮೊಳೆಯಲ್ಲಿ ನೇತು ಹಾಕುವುದು ಸುಲಭದ ದಾರಿ. ನಾವು ಅನುಸರಿಸುವ ಶಾಫಿ ಮದ್‌ಹಬ್‌ನಲ್ಲಿ, ಎರಡು ವರ್ಷ ತುಂಬದ, ಹಾಲು ಬಿಟ್ಟು ಬೇರೆ ಆಹಾರ ತಿನ್ನದ ಗಂಡು ಕೂಸಿನ ಮೂತ್ರ ತಾಗಿದಲ್ಲಿ ಅದು ಪೂರ್ತಿ ಆವರಿಸುವಂತೆ ನೀರು ಚಿಮುಕಿಸಿದರೆ ಸಾಕು, ಹೆಣ್ಣು ಕೂಸಿನದ್ದಾದರೆ ತೊಳೆಯಬೇಕು ಎಂದಿದೆ. ಅವಳಿಯಲ್ಲಿ ಒಂದು ಗಂಡು ಒಂದು ಹೆಣ್ಣು ಇರುವ ಮನೆಯವರಿಗೆ ಈ ವ್ಯತ್ಯಾಸ ದಿನವೂ ಬೇಕಾಗುತ್ತದೆ. ಸಂಶಯ ಇದ್ದರೆ ಮೊಹಲ್ಲಾದ ಉಸ್ತಾದರಲ್ಲಿ ಕೇಳಿ. ಹೆಂಗಸರು ಕೇಳಲು ಸಂಕೋಚಪಟ್ಟರೆ ಗಂಡಂದಿರು ಕೇಳಿ ಬಂದು ಹೇಳಬೇಕು.

ನಮಾಝಿನ ಹೊತ್ತಲ್ಲಿ ಮಗು ಮಡಿಲಿಗೆ ಬಂದರೆ ಗಾಬರಿ ಬೇಡ. ಪ್ರವಾದಿಯವರು (ಸ) ಮೊಮ್ಮಗಳು ಉಮಾಮರನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದು, ಸುಜೂದಿಗೆ ಹೋಗುವಾಗ ಕೆಳಗಿಟ್ಟು ಏಳುವಾಗ ಮತ್ತೆ ಎತ್ತಿಕೊಂಡದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ವರದಿಯಾಗಿದೆ. ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾಗಬಾರದೆಂದು ಜಮಾಅತ್ ನಮಾಝನ್ನು ಚಿಕ್ಕದಾಗಿ ಮುಗಿಸುತ್ತಿದ್ದರು ಎಂದೂ ಇದೆ.

ಇಲ್ಲಿ ಗಂಡಸರಿಗೆ ಒಂದು ಮಾತು. ಸುಬಹಿ ಜಮಾಅತ್ ಮುಗಿಸಿ ಬಂದವರು ಮತ್ತೆ ಮಲಗುವುದು, ಇಲ್ಲವೇ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂರುವುದು ನಮ್ಮಲ್ಲಿ ಮಾಮೂಲು. ಆ ಮುಕ್ಕಾಲು ಗಂಟೆ ಒಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ಬಂದರೆ, ಒಳಗೆ ಒಬ್ಬಳಿಗೆ ನಮಾಝೂ ಆಗುತ್ತದೆ, ಒಂದು ಲೋಟ ಚಹಾವೂ ಆಗುತ್ತದೆ. ಪ್ರವಾದಿಯವರು (ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದರೆ ಹೊರಡುತ್ತಿದ್ದರು ಎಂದು ಆಯಿಶಾ (ರ) ಹೇಳಿದ್ದನ್ನು ವಅಝ್‌ಗಳಲ್ಲಿ ನಾವೆಲ್ಲ ಕೇಳಿದವರೇ.

ದೊಡ್ಡದೆಂದು ಹೆಸರು, ಅದೂ ಚಿಕ್ಕದೇ

ಅವಳಿಗಳಿಗಿಂತ ಬೆಳಗ್ಗೆ ಹೆಚ್ಚು ಸತಾಯಿಸುವುದು ಎರಡೂವರೆ ವರ್ಷದ್ದು ಎಂದು ತಾಯಂದಿರು ಹೇಳುವುದುಂಟು. ಅದರ ಕಡೆಯಿಂದ ಒಮ್ಮೆ ನೋಡಿ. ನಿನ್ನೆ ತನಕ ಉಮ್ಮನ ಮಡಿಲು ಪೂರ್ತಿ ಅದರದ್ದಾಗಿತ್ತು. ಈಗ ಎರಡು ಬದಿಯಲ್ಲೂ ಜನ, ಕೂರಲು ಜಾಗವೇ ಇಲ್ಲ. ಬಿಟ್ಟಿದ್ದ ಬಾಟಲಿ ಮತ್ತೆ ಕೇಳುತ್ತದೆ, ಚಡ್ಡಿಯಲ್ಲೇ ಮೂತ್ರ ಮಾಡುತ್ತದೆ, ಕೂಸಿನ ಕೆನ್ನೆ ಹಿಂಡುತ್ತದೆ. ‘ನೀನೀಗ ದೊಡ್ಡವ, ಹಟ ಮಾಡ್ಬಾರ್ದು’ ಎಂದು ಇಡೀ ಮನೆ ಗದರುತ್ತದೆ. ಎರಡೂವರೆ ವರ್ಷಕ್ಕೆ ಎಂತ ದೊಡ್ಡವ?

ಅದು ಎದ್ದ ಕೂಡಲೇ ಮೊದಲ ಹತ್ತು ನಿಮಿಷ ಅದಕ್ಕೇ ಕೊಡಿ. ಆ ಹೊತ್ತಿಗೆ ಕೂಸುಗಳು ಅಜ್ಜಿಯ ಹತ್ತಿರವೋ ತೊಟ್ಟಿಲಲ್ಲೋ ಇರಲಿ. ಎತ್ತಿಕೊಂಡು ಮುಖ ತೊಳೆಸಿ, ಕೈಗೆ ಒಂದು ಬಾಳೆಹಣ್ಣು ಕೊಟ್ಟರೆ ಮುಂದಿನ ಒಂದು ಗಂಟೆ ಹಗುರ. ಲಂಗೋಟಿ ತಂದು ಕೊಡುವ ಕೆಲಸ ಅದಕ್ಕೇ ವಹಿಸಿ, ‘ಜಝಾಕಲ್ಲಾಹ್, ನೀನಿಲ್ಲದಿದ್ರೆ ನಾನೆಂತ ಮಾಡ್ತಿದ್ದೆ’ ಎಂದು ಬಾಯ್ತುಂಬ ಹೇಳಿ. ಹಾಲು ಕೊಡುವಾಗ ಮಾತ್ರ ತೆಗೆಯುವ ಒಂದು ಆಟಿಕೆ ಡಬ್ಬಿ ಇಟ್ಟುಕೊಳ್ಳಿ. ಉಮ್ಮ ಕೂಸುಗಳಿಗೆ ಹಾಲು ಕೊಡುವ ಹೊತ್ತೆಂದರೆ ತನಗೆ ಡಬ್ಬಿ ಸಿಗುವ ಹೊತ್ತು ಎಂದು ಅದಕ್ಕೆ ಗೊತ್ತಾಗಬೇಕು. ‘ಇದು ಇಡ್ಲಾ, ಅದು ಇಡ್ಲಾ’ ಎಂದು ಎರಡು ಅಂಗಿ ತೋರಿಸಿ ಒಂದನ್ನು ಆರಿಸಲು ಬಿಟ್ಟರೆ ಬಟ್ಟೆಯ ಜಗಳವೂ ಅರ್ಧ ಕಡಿಮೆ.

ಅದನ್ನು ಕೂಸುಗಳ ಜತೆ ಒಂಟಿಯಾಗಿ ಬಿಡಬಾರದು, ಪ್ರೀತಿಯಿಂದ ಅಪ್ಪಿಕೊಂಡರೂ ಉಸಿರು ಕಟ್ಟಬಹುದು. ಬೆಳಗ್ಗಿನ ಗಡಿಬಿಡಿಯಲ್ಲಿ ಅಡುಗೆಮನೆಯ ಗಂಜಿ ನೀರು, ಬಚ್ಚಲಿನ ಬಿಸಿನೀರಿನ ಬಾಲ್ದಿ, ಅಂಗಳದ ಬಾವಿ, ತೆರೆದ ಗೇಟು ಇವುಗಳ ಮೇಲೂ ಕಣ್ಣಿರಬೇಕು. ಬಾವಿಗೆ ಬಲೆ, ಗೇಟಿಗೆ ಚಿಲಕ ಈ ವಾರವೇ ಹಾಕಿಸಿ.

ಮೀಯಿಸುವ ಕೆಲಸ ಮುಂದೆ ಹಾಕಿ

ಎಣ್ಣೆ ಹಚ್ಚಿ, ಬಿಸಿನೀರಲ್ಲಿ ಮೀಯಿಸಿ, ತೊಟ್ಟಿಲಲ್ಲಿ ಮಲಗಿಸುವುದು ಚಂದದ ಪದ್ಧತಿ. ಆದರೆ ಏಳೂವರೆಗೆ ಇಬ್ಬರನ್ನೂ ಮೀಯಿಸಲೇಬೇಕೆಂದು ಯಾವ ಕಿತಾಬಿನಲ್ಲೂ ಇಲ್ಲ. ಮನೆ ಖಾಲಿಯಾದ ಮೇಲೆ, ಹತ್ತೂವರೆಗೆ ಮೀಯಿಸಿದರೆ ನೀರು ಬಿಸಿಯಿರುತ್ತದೆ, ಮನಸ್ಸು ತಂಪಿರುತ್ತದೆ. ಜನ ಇಲ್ಲದ ದಿನ ಇವತ್ತು ಒಬ್ಬ, ನಾಳೆ ಇನ್ನೊಬ್ಬ ಎಂದಾಗಲಿ. ಇನ್ನೊಬ್ಬನಿಗೆ ಬೆಚ್ಚಗಿನ ಬಟ್ಟೆಯಲ್ಲಿ ಮುಖ, ಕುತ್ತಿಗೆ, ಕಂಕುಳು, ತೊಡೆ ಸಂದು ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ. ಮೂಗು, ಕಿವಿಗೆ ಎಣ್ಣೆ ಬಿಡುವುದು ಬೇಡ. ಮಲಗಿಸುವಾಗ ಒಬ್ಬೊಬ್ಬರನ್ನು ಬೇರೆ ಬೇರೆ, ಬೆನ್ನ ಮೇಲೆ ಮಲಗಿಸಿ. ಜಾಗ ಉಳಿಯುತ್ತದೆಂದು ಇಬ್ಬರನ್ನೂ ಒಂದೇ ಸೀರೆ ತೊಟ್ಟಿಲಿಗೆ ಹಾಕಬಾರದು.

ಆರು, ಹತ್ತು, ಹದಿನಾಲ್ಕು ವಾರಕ್ಕೆ ಬರುವ ಚುಚ್ಚುಮದ್ದಿನ ದಿನ ಬೇರೆಯೇ ಲೆಕ್ಕ. ಆ ದಿನ ಇಬ್ಬರ ಕಾರ್ಡು, ಎರಡು ಜೊತೆ ಬಟ್ಟೆ ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿ. ಒಬ್ಬಳೇ ಹೋಗುವ ಮಾತೇ ಬೇಡ, ಕೂಸಿಗೊಬ್ಬರಂತೆ ಇಬ್ಬರು ಹೋಗಬೇಕು. ದೊಡ್ಡದು ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಲಿ.

ಗಂಡ ಗಲ್ಫ್‌ನಲ್ಲಿದ್ದರೆ

ನಮ್ಮಲ್ಲಿ ಬಹಳ ಮನೆಗಳ ಕಥೆ ಇದು. ಮಕ್ಕಳ ಬಾಪ ರಿಯಾದಿನಲ್ಲೋ ದುಬೈಯಲ್ಲೋ. ಅಲ್ಲಿಂದ ಮಕ್ಕಳ ಮುಖ ನೋಡುವ ಆಸೆ, ಕೆಲಸಕ್ಕೆ ಹೊರಡುವ ಮೊದಲು ಒಂದು ವಿಡಿಯೋ ಕಾಲ್. ಇಲ್ಲಿ ಒಲೆಯಲ್ಲಿ ಕಾವಲಿ, ಕೈಯಲ್ಲಿ ಕೂಸು. ‘ಫೋನ್ ಯಾಕೆ ತೆಗೀಲಿಲ್ಲ?’ ಎಂದು ಅಲ್ಲಿಂದ ಬೇಜಾರು, ಇಲ್ಲಿ ಅದಕ್ಕಿಂತ ಹೆಚ್ಚು ಬೇಜಾರು.

ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಇಲ್ಲಿ ಒಂಬತ್ತೂವರೆ ಆಗುವಾಗ ರಿಯಾದಿನಲ್ಲಿ ಏಳು, ದುಬೈಯಲ್ಲಿ ಎಂಟು. ಮನೆ ತಣ್ಣಗಾಗುವ ಆ ಹೊತ್ತನ್ನೇ ಗಟ್ಟಿ ಮಾಡಿಕೊಳ್ಳಿ. ಅಷ್ಟು ಹೊತ್ತಿಗೆ ಅವರು ಕೆಲಸಕ್ಕೆ ಹೊರಟಾಗಿರುತ್ತದೆ ಎಂದಾದರೆ ಏಳೂವರೆಗೆ ಫೋನನ್ನು ದೊಡ್ಡ ಮಗುವಿನ ತಟ್ಟೆಯ ಮುಂದೆ ನಿಲ್ಲಿಸಿ. ಬಾಪ ಅಲ್ಲಿಂದ ಕಥೆ ಹೇಳಿ ಅದಕ್ಕೆ ದೋಸೆ ತಿನ್ನಿಸಲಿ. ಸಮುದ್ರದ ಆಚೆಯಿಂದಲೂ ಮಾಡಬಹುದಾದ ಮನೆಗೆಲಸ ಇದು.

ಹಣ ಕಳಿಸುವವರಿಗೂ ಒಂದು ಮಾತು. ಈ ವರ್ಷ ಮನೆಗೆ ಹೊಸ ಸೋಫಾ ಬೇಡ. ಒಂದು ವಾಷಿಂಗ್ ಮೆಷಿನ್, ಬೆಳಗ್ಗೆ ಏಳರಿಂದ ಒಂಬತ್ತರ ತನಕ ಸಹಾಯಕ್ಕೆ ಬರುವ ಒಬ್ಬರ ಸಂಬಳ, ಇವು ಮೊದಲು ಆಗಲಿ.

‘ನಮ್ಮ ಕಾಲದಲ್ಲಿ...’

‘ನಾವು ಎಂಟು ಮಕ್ಕಳನ್ನು ಸಾಕ್ಲಿಲ್ವಾ?’ ಎಂದು ಹಿರಿಯರು ಕೇಳುತ್ತಾರೆ. ಸಾಕಿದ್ದಾರೆ, ಅದಕ್ಕೆ ನಾವೆಲ್ಲ ತಲೆಬಾಗಬೇಕು. ಆದರೆ ಆಗಿನ ಮನೆಯಲ್ಲಿ ಒಲೆಯ ಮುಂದೆ ನಾಲ್ಕು ಹೆಂಗಸರಿದ್ದರು, ಕೂಸು ಒಂದು ಮಡಿಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಬೇಲಿಯಾಚೆ ಸಂಬಂಧಿಕರ ಮನೆ. ಈಗ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಮುಚ್ಚಿದ ಬಾಗಿಲಿನೊಳಗೆ ಒಬ್ಬಳೇ. ಮಾಮಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಅವರಿಂದ ಎರಡು ಕೂಸನ್ನು ಎತ್ತಿ ಆಡಿಸಲಿಕ್ಕೆ ಆಗುವುದಿಲ್ಲ, ಅದನ್ನು ಸೊಸೆಯೂ ಅರ್ಥ ಮಾಡಿಕೊಳ್ಳಬೇಕು. ಕೂತಲ್ಲೇ ಒಂದನ್ನು ಮಡಿಲಲ್ಲಿಟ್ಟುಕೊಂಡು ದ್ಸಿಕ್ರ್ ಹೇಳುತ್ತಾ ಮಲಗಿಸುವ ಕೆಲಸ ಅವರಿಗಿರಲಿ. ಅಷ್ಟಾದರೂ ಎರಡು ಕೈಯಲ್ಲಿ ಒಂದು ಖಾಲಿಯಾಗುತ್ತದೆ.

ಹೊರಡುವವರೆಲ್ಲ ಹೊರಟ ಮೇಲೆ ತಿನ್ನುವ ಎಂದು ಕಾಯುವ ತಾಯಿಗೆ ಹತ್ತೂವರೆಗೆ ತಣ್ಣಗಾದ ಎರಡು ದೋಸೆ ಸಿಗುತ್ತದೆ. ಇಬ್ಬರಿಗೆ ಹಾಲು ಕೊಡುವವಳು ಮನೆಯಲ್ಲಿ ಮೊದಲು ತಿನ್ನಬೇಕಾದವಳು. ಆರು ಗಂಟೆಗೆ ಕಲ್ಲಿನಿಂದ ಇಳಿದ ಮೊದಲ ದೋಸೆ ಅವಳ ತಟ್ಟೆಗೆ ಬೀಳಲಿ. ಡಾಕ್ಟರು ಬರೆದ ಕಬ್ಬಿಣದ ಮಾತ್ರೆ ತಪ್ಪಬಾರದು, ಅದನ್ನು ಚಹಾದ ಜತೆ ನುಂಗುವುದು ಬೇಡ.

ಇನ್ನೊಂದು ಸಂಗತಿ ಮೆಲ್ಲ ಹೇಳಬೇಕಾದ್ದು. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಹಜ, ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ದಿನ ಇದ್ದರೆ, ಕೂಸುಗಳು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, ಮಕ್ಕಳ ಮೇಲೆ ಮನಸ್ಸೇ ಇಲ್ಲದಂತಾದರೆ, ‘ನಾನಿಲ್ಲದಿದ್ರೆ ಒಳ್ಳೆದಿತ್ತು’ ಎಂಬ ಮಾತು ಬಂದರೆ ಅದು ಕಾಯಿಲೆ. ಈಮಾನ್ ಕಡಿಮೆಯಾದದ್ದಲ್ಲ, ಸೋಮಾರಿತನವೂ ಅಲ್ಲ. ದುಆ ಇರಲಿ, ಜತೆಗೆ ಡಾಕ್ಟರೂ ಇರಲಿ. ಮನೆಯಲ್ಲಿ ಹೇಳಲಾಗದವರು ಸರಕಾರದ ಟೆಲಿ ಮಾನಸ್ 14416 ನಂಬರಿಗೆ ಫೋನ್ ಮಾಡಬಹುದು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಂದಾಜು ಒಂದು ಬೆಳಗ್ಗೆ

ಗಡಿಯಾರಕ್ಕೆ ಸರಿಯಾಗಿ ಕೂಸು ನಡೆಯುವುದಿಲ್ಲ. ಆದರೂ ಒಂದು ಕ್ರಮ ಇದ್ದರೆ ಮನೆಯವರಿಗೆ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತದೆ.

5.00: ಇಬ್ಬರಿಗೂ ಹಾಲು. ತಾಯಿಗೆ ನೀರು, ಖರ್ಜೂರ.
5.30: ನಮಾಝ್. ಜಮಾಅತಿನಿಂದ ಬಂದವರ ಕೈಗೆ ಒಂದು ಕೂಸು, ಇನ್ನೊಂದು ತೊಟ್ಟಿಲಿಗೆ.
6.00: ತಾಯಿಯ ತಿಂಡಿ, ಚಹಾ.
6.30: ಮದ್ರಸದ ಮಕ್ಕಳ ತಯಾರಿ. ಇದು ಅವರ ಉಮ್ಮನದ್ದೋ ಬಾಪನದ್ದೋ ಕೆಲಸ, ಅವಳಿಗಳ ತಾಯಿಯದ್ದಲ್ಲ.
7.00: ದೊಡ್ಡದು ಏಳುವ ಹೊತ್ತು. ಮೊದಲ ಹತ್ತು ನಿಮಿಷ ಅದಕ್ಕೇ.
7.30: ದೊಡ್ಡದರ ತಿಂಡಿ, ಬಾಪನ ಕಾಲ್.
8.00: ಕೂಸುಗಳಿಗೆ ಮತ್ತೆ ಹಾಲು. ಆಟಿಕೆ ಡಬ್ಬಿ ಹೊರಗೆ.
9.00: ಕೂಸುಗಳು ಮಲಗಿದರೆ ತಾಯಿಯೂ ಅರ್ಧ ಗಂಟೆ ಮಲಗಬೇಕು. ಪಾತ್ರೆ ಎಲ್ಲಿಗೂ ಹೋಗುವುದಿಲ್ಲ.

ಆರು ತಿಂಗಳು ತುಂಬಿ ರಾಗಿ ಮಣ್ಣಿ ಶುರುವಾದ ಮೇಲೆ ಈ ಪಟ್ಟಿ ಬದಲಾಗುತ್ತದೆ. ಆಗ ಒಂದು ಬಟ್ಟಲು, ಒಂದು ಚಮಚ, ಎದುರೆದುರು ಇಬ್ಬರು, ಅವನಿಗೊಂದು ತುತ್ತು ಇವನಿಗೊಂದು ತುತ್ತು. ಒಬ್ಬನಿಗೆ ಶೀತ ಜ್ವರ ಇದ್ದ ದಿನ ಮಾತ್ರ ಬಟ್ಟಲು, ಚಮಚ ಬೇರೆ.

ಕೊನೆಗೆ ನೆರೆಹೊರೆಯವರಿಗೆ, ಕುಟುಂಬದವರಿಗೆ ನಮ್ಮ ಕೇಳಿಕೆ. ಅವಳಿ ಮಕ್ಕಳನ್ನು ನೋಡಲು ಹೋಗುವಾಗ ಬೇಬಿ ಸೋಪಿನ ಸೆಟ್ ಬೇಡ, ಅಂಥದ್ದು ಆ ಮನೆಯಲ್ಲಿ ಹತ್ತು ಇರುತ್ತದೆ. ಒಂದು ಬುತ್ತಿ ತುಂಬ ಪತ್ತಿರ್, ಸ್ವಲ್ಪ ಕೋಳಿ ಸಾರು ತೆಗೆದುಕೊಂಡು ಹೋಗಿ. ಹೋದವರು ಚಹಾಕ್ಕೆ ಕಾಯದೆ ಆ ದೊಡ್ಡ ಮಗುವಿನ ಕೈ ಹಿಡಿದು ‘ಬಾ, ನಮ್ಮ ಮನೆಗೆ ಆಡ್ಲಿಕ್ಕೆ ಹೋಗುವ’ ಎಂದು ಒಂದು ಗಂಟೆ ಕರೆದುಕೊಂಡು ಹೋದರೆ, ಅದಕ್ಕಿಂತ ದೊಡ್ಡ ಉಡುಗೊರೆ ಆ ಉಮ್ಮನಿಗೆ ಬೇರೆ ಇಲ್ಲ.